ಹದಿನೆಂಟನೇ ನಂಬರಿನ ಸೂಜಿ

ತೀನ್ ಕಂದೀಲಿನಲ್ಲಿ ಕಂದೀಲು ಕೇಳಿ ಬರುವವರು ಯಾರೂ ಇಲ್ಲ.
ನನ್ನ ಅಂಗಡಿಗೆ ಬರುವುದೆಲ್ಲ ಟೇಲ್ ಲೈಟು.
ಒಡೆದದ್ದು, ಬಿರಿದದ್ದು, ಆಟೋ ಗುಮ್ಮಿ ಹೋದದ್ದು,
ಮತ್ತೆ ಇದು: ಎರಡು ಬೆರಳು ನೀರು ತುಂಬಿಕೊಂಡು
ಪ್ರತಿ ಹಂಪಿಗೂ ಶರಬತ್ತಿನ ಶೀಶೆಯಂತೆ ಕುಲುಕುವ
ಸುಜ್ಞಾನಮ್ಮ ಸಿಸ್ಟರಿನ ಆಲ್ಟೋದ ಎಡಗಣ್ಣು.

"ನಮ್ಮ ಓಣ್ಯಾಗ ಮೂರು ದಿನಕ್ಕೊಮ್ಮೆ ನಳ ಬರತೈತಿ,
ನಿಮ್ಮ ಲೈಟಿನ್ಯಾಗ ಇಪ್ಪತ್ನಾಕು ತಾಸೂ ಐತಲ್ರೀ" ಅಂದೆ.
ನಗಲಿಲ್ಲ. ರಾತ್ರಿ ಪಾಳಿ ಮುಗಿಸಿದ ಕಣ್ಣು.
ಶಕ್ತಿನಗರದ ಕಡೆಯಿಂದ ಬರುವಾಗ
ಹಿಂದಿದ್ದ ಬೂದಿ ಲಾರಿ ಕಿರ್ರನೆ ನಿಂತಾಗ
ನಡುವೆ ಒಂದೇ ಮೊಳ ಉಳಿದಿತ್ತಂತೆ.
"ಬ್ರೇಕ್ ಹಾಕಿದ್ದು ಕಾಣಲಿಲ್ಲಂತ ಬೈದ ಜಿಲಾನಿ.
ನಾ ಒತ್ತೀನಪ್ಪ. ಒತ್ತೀನಿ."

ಎರಡು ಸ್ಕ್ರೂ ಬಿಚ್ಚಿ ಎಳೆದೆ.
ಬಲ್ಬಿನ ಗೂಡಿಗೆ ಹಸಿರು ಕಿಲುಬು.
ಅಂಚಿನ ಸುತ್ತ ಯಾರೋ ಎಂ-ಸೀಲ್ ಮೆತ್ತಿದ್ದಾರೆ,
ಒಲೆಗೆ ಮಣ್ಣು ಬಳಿದ ಹಾಗೆ, ಧಾರಾಳವಾಗಿ,
ಮೇಲೂ, ಕೆಳಗೂ, ಬಿಡಬೇಕಾದಲ್ಲೂ. ಪುಣ್ಯಾತ್ಮ,
ನೀರನ್ನು ಹೊರಗಿಡಲು ಹೋಗಿ
ಒಳಗೆ ಕೂಡಿಸಿ ಬೀಗ ಹಾಕಿದ್ದಾನೆ.

ತಾಯಪ್ಪ ಬಕೆಟ್ ತಂದ.
ಬಲ್ಬಿನ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ
ಮುಳುಗಿಸಿ ಊದಿದೆ, ಕೆನ್ನೆ ಉಬ್ಬಿಸಿಕೊಂಡು,
ಶಹನಾಯಿಯವನ ಮಗನಾಗಿದ್ದೂ ಕಲಿಯದ ನಾನು.
ಮೇಲಿನ ಮೂಲೆಯಲ್ಲಿ
ಸಾಸಿವೆಯಷ್ಟು ಗುಳ್ಳೆ. ಅದರ ಹಿಂದೆ ಇನ್ನೊಂದು. ಇನ್ನೊಂದು.
"ಅಲ್ಲೈತಿ ಅಲ್ಲೈತಿ" ಅಂತ ತಾಯಪ್ಪ ಕುಣಿದ.
ಮೀನು ಸಿಕ್ಕಷ್ಟು ಖುಷಿ ಅವನಿಗೆ.

ಬಿಸಿಗಾಳಿಗೆ ಹಳೆಯ ಅಂಟು
ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು.
ಗಾಜನ್ನು ಬೋಗುಣಿಯಂತೆ ತಗಡಿನ ಮೇಲೆ ಬೋರಲು ಹಾಕಿದೆ.
ನಮ್ಮ ಊರಿನ ಬಿಸಿಲನ್ನು ಎಲ್ಲರೂ ಬೈಯುತ್ತಾರೆ,
ನಾನು ಬೈಯುವುದಿಲ್ಲ. ಅದು ನನ್ನಲ್ಲಿ
ಸಂಬಳವಿಲ್ಲದೆ ದುಡಿಯುವ ಎರಡನೇ ಆಳು.

ಹೊಸ ಕರಿ ಅಂಟು, ಬೆರಳಿನಿಂದ ಒತ್ತಿ ಒತ್ತಿ,
ಮೂಲೆಗೆ ಎರಡು ಸಲ.
ಆಮೇಲೆ ಬುಡದ ಸಣ್ಣ ತೂತು ಹುಡುಕಿದೆ.
ಅದರ ತುಂಬ ಹಾರುಬೂದಿ, ಗಟ್ಟಿಯಾಗಿ, ಕಿವಿಯ ಗುಗ್ಗೆಯ ಹಾಗೆ.
ಪಿನ್ನು ಕೇಳಿದರೆ ತಾಯಪ್ಪ ಜೇಬು ತಡಕಾಡಿದ.

"ಈಗ ಮುಚ್ಚಿ, ಈಗ ಮತ್ತ ತೂತು ಮಾಡ್ತೀಯೇನು?"
ಅಂದರು ಸಿಸ್ಟರ್.
ಹೇಗೆ ಹೇಳಲಿ? ಬಲ್ಬು ಉರಿದಾಗ ಒಳಗಿನ ಗಾಳಿ ಹಿಗ್ಗುತ್ತದೆ,
ಆರಿದಾಗ ಕುಗ್ಗುತ್ತದೆ, ಎಷ್ಟೇ ಬಿಗಿದರೂ
ಎಲ್ಲಿಂದಲೋ ತೇವ ಹೀರಿಕೊಳ್ಳುತ್ತದೆ, ಅದಕ್ಕೆ...
ನಾನು ತೊದಲುತ್ತಿದ್ದಂತೆ ಅವರೇ ತಡೆದರು:

"ಗೊತ್ತಾತು ಬಿಡು. ಹೊಟ್ಟಿ ಹೊಲದ ಮ್ಯಾಲ
ನಾವೂ ಒಂದು ನಳಿಗಿ ಬಿಟ್ಟಿರ್ತೀವಿ.
ಪೂರಾ ಹೊಲದ್ರ ಒಳಗ ಕೀವಾಗತೈತಿ."

ಚೀಲ ತೆರೆದು ಒಂದು ಪೊಟ್ಟಣ ಹರಿದು ಕೊಟ್ಟರು.
ಗುಲಾಬಿ ತಲೆಯ ಸೂಜಿ. "ಹದಿನೆಂಟನೇ ನಂಬರು,
ದಪ್ಪ ಐತಿ, ಮುರಿಯಂಗಿಲ್ಲ."
ಚುಚ್ಚಿ ತಿರುಗಿಸಿದೆ. ಬೂದಿ ಉದುರಿತು.
ಮೊದಲ ಸಲ ನಕ್ಕರು: "ನೋವಾಗಿಲ್ಲ ತಾನೆ ಅದಕ್ಕ?"

ಒಂದು ತಿಂಗಳ ಮೇಲೆ ಮುಂಜಾನೆ ಫೋನು:
"ಮತ್ತ ಮಂಜು ಕೂತೈತಿ."
ಹತ್ತು ಗಂಟೆಯವರೆಗೆ ನೋಡಿರಿ ಅಂದೆ.
ಹತ್ತೂ ಕಾಲಿಗೆ ಇನ್ನೊಂದು ಫೋನು. "ಇಲ್ಲ ಈಗ."
ಅಷ್ಟೇ. ಇಟ್ಟುಬಿಟ್ಟರು.

ನನಗೆ ಮುಖಗಳ ನೆನಪು ಕಡಿಮೆ.
ಈ ಊರನ್ನು ನಾನು ಹಿಂದಿನಿಂದ ಬಲ್ಲೆ:
ಇದು ಮಾನ್ವಿಯ ಮೇಷ್ಟರ ಬಂಪರು,
ಇದು ಹತ್ತಿ ವ್ಯಾಪಾರಿಯ ಒಂಟಿ ಇಂಡಿಕೇಟರು.
ನಿನ್ನೆ ರಾತ್ರಿ ರೈಲ್ವೆ ಗೇಟಿನಲ್ಲಿ ಮುಂದೆ ಆ ಆಲ್ಟೋ.
ಎಡಗಡೆ ಕೆಂಪು ದಾಳಿಂಬೆ ಬಿಡಿಸಿದಂತೆ ಸ್ವಚ್ಛ,
ಬಲಗಡೆ ಈಗ ಸ್ವಲ್ಪ ಮಬ್ಬು, ಬರುತ್ತದೆ ಅದೂ.
ಹಾರನ್ ಹೊಡೆಯಲಿಲ್ಲ.
ನಾಲ್ಕು ಮಾರು ಬಿಟ್ಟು ನಿಂತೆ.