ಗಿರಣಿಯ ಹಿಂದಿನ ವೀರಗಲ್ಲು

ಶಿರಾಳಕೊಪ್ಪದಲ್ಲಿ, ಖಮರುನ್ನಿಸಾಳ ಹಿಟ್ಟಿನ ಗಿರಣಿಯ ಹಿಂದೆ
ಗೋಡೆಗೊರಗಿ ನಿಂತ ಕಲ್ಲು.
ಇಲಾಖೆಯ ಪಟ್ಟಿಯಲ್ಲಿ ಅದಕ್ಕೊಂದು ನಂಬರು,
ಊರವರಿಗೆ ಸೈಕಲ್ಲು ಆನಿಸಲು ಜಾಗ.

ನೂರಾ ನಲವತ್ತು ಫೋಟೊ ಬೇಕು.
ಅರ್ಧ ಹೆಜ್ಜೆ, ಒಂದು ಕ್ಲಿಕ್ಕು. ಮತ್ತರ್ಧ ಹೆಜ್ಜೆ.
ಪ್ರತಿ ಚಿತ್ರಕ್ಕೂ ಹಿಂದಿನ ಚಿತ್ರದ ನೆನಪಿರಬೇಕು.
ಗೋಡೆಗೆ ತಲುಪಿ ಹಿಂತಿರುಗಿದೆ.
‘ಅರ್ಧ ಸುತ್ತಿಗೆ ಎಷ್ಟ್ ಪುಣ್ಯ ಬರ್ತತಿ ಮೇಡಂ?’
ಬೆಲ್ಟಿನ ಸದ್ದಿನ ಮೇಲೆ ಕೂಗಿ ಕೇಳಿದಳು ಖಮರುನ್ನಿಸಾ.

ರಾತ್ರಿ ಲಾಡ್ಜಿನಲ್ಲಿ ಲ್ಯಾಪ್‌ಟಾಪು ಏದುಸಿರು ಬಿಡುತ್ತಿದೆ.
ಕಲ್ಲೆಲ್ಲಿತ್ತು, ನಾನೆಲ್ಲಿ ನಿಂತಿದ್ದೆ,
ಎರಡನ್ನೂ ಒಟ್ಟಿಗೇ ಬಿಡಿಸಬೇಕು ಅದು,
ಒಂದು ಸಿಗದೆ ಇನ್ನೊಂದು ಸಿಗದು.
ಕತ್ತಲಲ್ಲಿ ಮೊದಲು ಚುಕ್ಕಿ, ಸಾಸಿವೆ ಎರಚಿದ ಹಾಗೆ.
ಆಮೇಲೆ ದನ, ಬಿಲ್ಲು, ಬೀಳುತ್ತಲೇ ಇರುವವನು,
ಅವನನ್ನೆತ್ತಿಕೊಂಡು ಹೊರಟ ಹೆಣ್ಣುಗಳು, ಸೂರ್ಯ, ಅರೆಚಂದ್ರ.

ನುಣುಪು ಇದಕ್ಕೆ ಹಿಡಿಸುವುದಿಲ್ಲ.
ಎಣ್ಣೆ ಸವರಿ ಸವರಿ ಹೊಳೆಯುವ ಲಿಂಗವಿದ್ದಲ್ಲಿ ಬರೀ ತೂತು.
ಗುರುತು ಕೊಟ್ಟದ್ದು ಕಲ್ಲುಹೂವಿನ ಕಲೆ,
ಯಾರೋ ಕತ್ತಿ ಮಸೆದ ಗೀರು,
ಗಿರಣಿಯಿಂದ ಹಾರಿ ಸಂದಿಯಲ್ಲಿ ಕೂತ ಹಿಟ್ಟು.
ಓಡಾಡಿದ್ದೆಲ್ಲ ಮಾಯ: ಕೋಳಿ, ದುಪ್ಪಟ್ಟಾದ ಅಂಚು, ನನ್ನ ನೆರಳು.
ಎರಡು ಚಿತ್ರ ಒಂದೇ ಸಾಕ್ಷಿ ನುಡಿಯದಿದ್ದರೆ
ಲೆಕ್ಕಕ್ಕಿಲ್ಲ.
ತಿರುಗಿಸಿ ನೋಡಿದರೆ ಕಲ್ಲಿಗೆ ಬೆನ್ನೂ ಇಲ್ಲ,
ವೀರ ಬರೀ ಸಿಪ್ಪೆ.

ಆದರೆ ಬಲಗಡೆ, ಕೆಳಗೆ,
ಹುಚ್ಚರಾಯಪ್ಪ.

ಅಕ್ಕಿ ಬೀಸಲು ಕೊಟ್ಟು ಕಲ್ಲಿಗೊರಗಿ ಕೂತಿದ್ದ.
‘ಯಜಮಾನ್ರೇ, ಸ್ವಲ್ಪ ಸರೀರಿ’ ಅಂದೆ.
ನಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ.
ಹನ್ನೊಂದು ನಿಮಿಷ ಅಲುಗಲಿಲ್ಲ ಮನುಷ್ಯ,
ಯಂತ್ರ ಅವನನ್ನೂ ಕಲ್ಲೆಂದುಕೊಂಡಿದೆ.
ಭುಜ ವೀರನ ಗುರಾಣಿಗೆ ಬೆಸೆದಿದೆ,
ಮೊಣಕಾಲ ಮೇಲಿನ ಚೀಲದ ನೆರಿಗೆ ಕೂಡ ಖಚಿತ.
ಎದೆಯ ಹತ್ತಿರ ಮಾತ್ರ ಚುಕ್ಕಿ ಕೂಡಿಬಂದಿಲ್ಲ.
ಬೆರಳಗಲ ಮುಂದೆ, ಬೆರಳಗಲ ಹಿಂದೆ,
ಮಂಜು.
ದೋಷವೆಂದು ಕೆಂಪಗೆ ತೋರಿಸುತ್ತಿದೆ.
ಉಸಿರಾಡುತ್ತಿದ್ದನಲ್ಲ.

ಅವನ ಸುತ್ತ ಚೌಕ ಎಳೆದು ಕೂತಿದ್ದೇನೆ,
ಒಂದು ಗುಂಡಿ ಒತ್ತಿದರೆ ಹೋಗುತ್ತಾನೆ.
ಬೆಳಿಗ್ಗೆ ಫೈಲು ಕಳಿಸಬೇಕು. ಇಲಾಖೆಯವರು ಕೇಳುತ್ತಾರೆ,
ಮೂಲೆಯಲ್ಲಿರುವ ಆಕೃತಿ ಯಾರದು, ಯಾವ ಶತಮಾನ?
ಶತಮಾನದ ಕಾಲಂ ಖಾಲಿ ಬಿಟ್ಟು
ವಿವರದಲ್ಲಿ ಬರೆದಿದ್ದೇನೆ:
ಸರದಿಗೆ ಕಾದು ಕೂತವನು.