ಐದನೆಯ ಸಂಪುಟ

ಗುದೈಬಿಯಾದ ಹಳೇ ಪೇಪರಿನ ಅಂಗಡಿಯಲ್ಲಿ
ತೂಕದ ಲೆಕ್ಕಕ್ಕೆ ಕೊಂಡದ್ದು. ಆರಿವೆ ಅಂದ,
ದಾರ ಬಿಚ್ಚಿ ನೋಡಿದರೆ ಐದೇ.
ಬಹರೈನ್ ಬಿಟ್ಟು ಊರಿಗೆ ಹೊರಟ ಯಾವಳೋ ದೊರೆಸಾನಿ
ಹೂದಾನಿ, ಛತ್ರಿ, ಎರಡು ಬೆಕ್ಕಿನ ಜೊತೆ ಬಿಟ್ಟುಹೋದದ್ದಂತೆ.

ಎರಡು ಮನೆತನ. ನಡುವೆ ಒಂದು ಹೊಳೆ.
ಈ ದಡಕ್ಕೆ ವಿಟ್ಕೋಂಬರು, ಆ ದಡಕ್ಕೆ ಡ್ರೇಕಾಟರು.
ನೂಲಿನ ಗಿರಣಿ, ಹಡಗು, ಬೇಟೆನಾಯಿ,
ಚರ್ಚಿಗೂ ಬೇರೆ ಬೇರೆ ಬಾಗಿಲು.
ದಾಯಾದಿಗಳಲ್ಲ, ಆದರೂ ಅದೇ ಹೊಟ್ಟೆಕಿಚ್ಚು:
ಅವರ ಮನೆಗೆ ನಲವತ್ತು ಕಿಟಕಿ ಎಂದರೆ
ಇವರು ಗೋಡೆ ಒಡೆಸಿ ನಲವತ್ತೊಂದು ಮಾಡಿಸಿದರು.
ಚಳಿ ಎರಡು ಮನೆಗೂ ಸಮನಾಗಿ ನುಗ್ಗಿತು.

ನಮ್ಮ ರೂಮಿಗೆ ನಾಲ್ಕು ಮಂಚ, ಒಂದು ಕಿಟಕಿ.
ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು,
ಭಟ್ಕಳದ ಖೈರುನ್ನೀಸಾ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳುವುದು,
ಬೈಂದೂರಿನ ಪ್ರೇಮಲೀಲಾ
ಕೇಳುತ್ತಿಲ್ಲವೆಂದು ಗೋಡೆಗೆ ಮುಖ ಮಾಡಿ ಕೇಳುವುದು.
"ಆ ಡ್ರೇಕಾಟ ಮುದುಕಿ ಥೇಟ್ ನಮ್ಮತ್ತೆ" ಎಂದು
ಕತ್ತಲಲ್ಲಿ ಒಮ್ಮೆ ಅಂದೇಬಿಟ್ಟಳು.

ಜಗಳದ ಬೇರು ಒಂದು ಮುತ್ತಿನ ಸರ.
ಇವನು ಇಸ್ಪೀಟಿನಲ್ಲಿ ಸೋತ,
ಅವನ ಸೊಸೆ ಅದನ್ನೇ ತೊಟ್ಟು ಊಟಕ್ಕೆ ಬಂದಳು;
ಚಮಚಗಳೆಲ್ಲ ಬಾಯಿಗೆ ಅರ್ಧ ದಾರಿಯಲ್ಲಿ ನಿಂತವು.
ಅಲ್ಲಿಂದ ಮೂರು ತಲೆಮಾರು, ಎರಡು ಸಾವಿರದ ನೂರು ಪುಟ.
ಒಬ್ಬರೂ ಒಬ್ಬರನ್ನು ಬೈಯುವುದಿಲ್ಲ,
ಮಳೆ ಬಿಸಿಲಿನ ಮಾತಾಡಿಯೇ ಕೊಲ್ಲುತ್ತಾರೆ.
ಸರ ಎಲ್ಲಿಂದ ಬಂತು?
ಮೊದಲ ಸಂಪುಟ, ಪುಟ ಹನ್ನೊಂದು, ಒಂದೇ ಸಾಲು:
ಕೊಲ್ಲಿಯ ಕಡಲಿನಿಂದ.

ನಾಲ್ಕನೆಯದರ ಕೊನೆಗೆ ಗಿರಣಿಗೆ ಬೆಂಕಿ, ಸರ ನಾಪತ್ತೆ.
ಆರನೆಯದು ತೆರೆದರೆ ಆ ದಡ ಈ ದಡದ ಮೊಮ್ಮಕ್ಕಳ ಮದುವೆ,
ಹುಡುಗಿಯ ಕೊರಳಲ್ಲಿ ಅದೇ ಸರ.
"ನಡುವೆ ಏನಾಯ್ತೇ?" ಎಂದಳು ಖೈರುನ್ನೀಸಾ.
ಇಲ್ಲದ ಪುಸ್ತಕವನ್ನು ಓದತೊಡಗಿದೆ.

ಪುಟ ಒಂದು: ಡಾರ್ಕಸ್ ಎಂಬ ಕೆಲಸದವಳು.
ನಾಲ್ಕು ಸಂಪುಟದಲ್ಲಿ ಅವಳು ಮೂರು ಸಲ ಕಲ್ಲಿದ್ದಲು ತಂದಿದ್ದಾಳೆ,
ಒಮ್ಮೆ ಬಾಗಿಲು ಮುಚ್ಚಿದ್ದಾಳೆ, ಅಷ್ಟೆ.
ಬೆಂಕಿಯ ಗದ್ದಲದಲ್ಲಿ ಬಕೆಟ್ಟಿನ ತಳಕ್ಕೆ ಸರ ಇಳಿಬಿಟ್ಟು
ಮೇಲೆ ನೀರು ತುಂಬಿ
ಎಲ್ಲರ ಎದುರೇ ಹೊತ್ತು ನಡೆದಳು.
"ಮಾರಿಬಿಡಲಿ" ಎಂದಳು ಪ್ರೇಮಲೀಲಾ, ಗೋಡೆಗೇ.
ಮಾರುವುದು ಯಾರಿಗೆ? ಅವಳ ಕೈಯಲ್ಲಿ ಮುತ್ತು ಕಂಡರೆ
ಮೊದಲು ಬರುವುದು ಪೊಲೀಸು.
ಅಲ್ಲಿಗೇ ಕಥೆ ಕಚ್ಚಿಕೊಂಡು ನಿಂತಿತು, ಮೂರು ರಾತ್ರಿ.

ಮುಹರ್ರಕ್‌ನಲ್ಲಿ ನಾನು ನೋಡಿಕೊಳ್ಳುವ ಅಜ್ಜ, ಬೂ ಸನದ್.
ಬಲಗಿವಿ ಇಲ್ಲ, ಹರುಕು ಹಿಂದಿ ಇದೆ.
ಹರೀಸ್ ತಿನ್ನಿಸುತ್ತ ಅವರಿಗೂ ಹೇಳಿದೆ.
ಕಿಟಕಿ, ಗಿರಣಿ, ಮದುವೆ ಯಾವುದೂ ಬೇಡ ಅವರಿಗೆ.
"ಎಷ್ಟು ಮುತ್ತು?"
ಅರವತ್ತೆರಡು.
"ನಡುವಿನದು?"
ಬಟಾಣಿಗಿಂತ ದೊಡ್ಡದು, ಪುಟ ಹನ್ನೆರಡು.
"ದಾನಾ" ಎಂದು ಬಾಯಿ ಒರೆಸಿಕೊಂಡರು.
ಅವರಲ್ಲಿ ದಾನಾ ಎಂದರೆ ದೊಡ್ಡ ಮುತ್ತಂತೆ;
ನಮ್ಮಲ್ಲಿ, ಕೊಟ್ಟು ಮರೆಯುವುದು.

ಅವರ ಅಜ್ಜ ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ
ಮುಳುಗುತ್ತಿದ್ದವನು.
ಒಂದು ಮಧ್ಯಾಹ್ನ ಹಗ್ಗ ಹಗುರಾಗಿ ಮೇಲೆ ಬಂತು.
ನಖೋದಾ ಲೆಕ್ಕದ ಪುಸ್ತಕ ತೆರೆದು
ಅದೇ ಸಾಲದ ಮುಂದೆ ಮಗನ ಹೆಸರು ಬರೆದ.
ಆಮೇಲೆ, ಹತ್ತು ವರ್ಷದ ಬೂ ಸನದ್‌ನದು.
"ನಮ್ಮದೂ ಮೂರು ತಲೆಮಾರು ಮಗಳೇ.
ಒಂದೇ ಪುಸ್ತಕ. ಅದೂ ಅವನದು."
ತಟ್ಟೆ ತಳ್ಳಿ, ಗೆದ್ದವರು ಯಾರೆಂದು ಕೇಳದೆ ಮಲಗಿದರು.

ಆ ರಾತ್ರಿ ಇಬ್ಬರೂ ಕಾದೇ ಇದ್ದರು.
ಸರವನ್ನು ಮದುವೆಗೆ ಮುಟ್ಟಿಸಲೇಬೇಕು, ನನ್ನ ಕೈಯಲ್ಲಿಲ್ಲ,
ಆರನೆಯದು ಆಗಲೇ ಅಚ್ಚಾಗಿದೆ.
ಆದರೆ ಅಲ್ಲಿ ಯಾರೂ ಮುತ್ತು ಎಣಿಸಿಲ್ಲ,
ಎರಡು ಸಲ ಹುಡುಕಿ ನೋಡಿದ್ದೇನೆ.
ಹಾಗಾಗಿ ಡಾರ್ಕಸ್ ಮೇಣದಬತ್ತಿ ಹಚ್ಚಿ,
ಕೂದಲು ಮುಚ್ಚುವ ಕುತ್ತಿಗೆಯ ಹಿಂದಿನ ಕಡೆಯಿಂದ
ಒಂದು ಮುತ್ತು ಬಿಡಿಸಿಕೊಂಡು,
ದಾರ ಗಿಡ್ಡ ಮಾಡಿ, ಗಂಟು ಹಾಕಿ,
ಸರವನ್ನು ದೊರೆಸಾನಿಯ ಕೈಚೀಲದಲ್ಲಿ ಇಟ್ಟುಬಂದಳು.

ಪ್ರೇಮಲೀಲಾ ಮೊದಲ ಸಲ ಈಚೆ ತಿರುಗಿದಳು.
"ಒಂದೇ ಯಾಕೆ?"