ಏಳನೇ ನಂಬರು

ನನ್ನದು ಆರು. ಇಪ್ಪತ್ತೆಂಟು ವರ್ಷದಿಂದ ಆರೇ.
ಚೇಳೂರು ಸರ್ಕಲ್ಲಿನ ಜಬೀವುಲ್ಲಾಗೆ ನನ್ನ ಮುಖಕ್ಕಿಂತ
ಪಾದದ ಪರಿಚಯ ಜಾಸ್ತಿ:
ಎಡಗಾಲ ಹೆಬ್ಬೆರಳು ಒಳಕ್ಕೆ ವಾಲಿದ್ದು,
ಹಿಮ್ಮಡಿಯ ಸೀಳು, ಪಟ್ಟಿ ಮುಚ್ಚಿದಲ್ಲಿ ಮಾತ್ರ
ಬೆಳ್ಳಗೆ ಉಳಿದ ಎರಡು ಗೆರೆ.

ಸ್ಯಾಂಡಲ್ಲು ಸವೆಸಿ ಮಾರಿದ್ದು ವಿಮೆ.
ಕೆಂಚಾರ್ಲಹಳ್ಳಿ, ಬಟ್ಲಹಳ್ಳಿ, ಮುರುಗಮಲ್ಲ;
ಹೊರಗೆ ಮೆಟ್ಟು ಬಿಟ್ಟು, ಒಳಗೆ ಕೂತು
ಸಾವಿನ ಮಾತನ್ನು ಸಾವು ಅನ್ನದೆ ಆಡುವುದು ನನ್ನ ಕಸುಬು.
'ದೇವರು ಹಾಗೆ ಮಾಡದಿರಲಿ, ಆದರೂ...'
ಆ 'ಆದರೂ' ಹೇಳಿ ಹೇಳಿ ಈ ಸಲ
ಕಂಪನಿ ನನ್ನನ್ನು ಹಡಗು ಹತ್ತಿಸುತ್ತಿದೆ.
ನಾರ್ವೆಯಂತೆ. ಆಷಾಢದಲ್ಲೂ ಸ್ವೆಟರಂತೆ. ದಿನಾ ಮಳೆಯಂತೆ.

ಕಳಿಸಿದ ಕಾಗದದಲ್ಲಿ ಕಾಲಿಗೇ ಒಂದು ಪುಟ:
ನೀರು ಒಳಗೆ ಬರಬಾರದು, ಅಡಿ ಜಾರಬಾರದು,
ಹೊಸದಾಗಿರಬಾರದು.
ಮೂರನೆಯದನ್ನು ನಾನು, ನನ್ನ ಗಂಡ ಅಶ್ವತ್ಥರೆಡ್ಡಿ
ಸರದಿಯಲ್ಲಿ ಓದಿದೆವು.
ಹಳೆಯದನ್ನು ಎಲ್ಲಿ ಕೊಳ್ಳುವುದು?
ಹಡಗಿನಲ್ಲಿ ಮೆಟ್ಟು ಎಲ್ಲಿ ಬಿಡುವುದು,
ಊಟಕ್ಕೂ ಹಾಕಿಕೊಂಡೇ ಕೂರುವುದಾ,
ಅದನ್ನು ಬರೆದಿಲ್ಲ.

ಜಬೀವುಲ್ಲಾ ಏಣಿ ಹತ್ತಿ, ಧೂಳು ಊದಿ
ಕಂದು ಬಣ್ಣದ ಒಂದು ಜೋಡಿ ಇಳಿಸಿದ.
'ನೀರಿಗೆ ಹೆದರಲ್ಲ ಮೇಡಂ, ಡಬ್ಬಿ ಮೇಲೇ ಬರೆದಿದೆ.'
ಬರೆದಿದ್ದನ್ನು ಓದಿ ನಂಬುವವಳಾ ನಾನು?
ಸಣ್ಣಕ್ಷರದ ಮರ್ಮ ಈ ತಾಲ್ಲೂಕಿನಲ್ಲಿ
ನನಗಿಂತ ಯಾರಿಗೆ ಗೊತ್ತು.

ಪರೀಕ್ಷೆಗೆ ಮಳೆ ಎಲ್ಲಿ? ಏಪ್ರಿಲ್ಲು.
ಅಂಬಾಜಿದುರ್ಗದ ಬಂಡೆ ಮಧ್ಯಾಹ್ನಕ್ಕೆ ಕಾದ ಹೆಂಚು.
ರೆಡ್ಡಿ ಬಚ್ಚಲಲ್ಲಿ ನಿಲ್ಲಿಸಿ ಚೊಂಬಿನಿಂದ ಸುರಿದರು,
ಅಭಿಷೇಕದ ಹಾಗೆ, ನಗು ತಡೆದುಕೊಂಡು.
ನೀರು ಹೊಗಲಿಲ್ಲ. ಚಳಿ?

ಆ ತಿಂಗಳು ಚಳಿ ಸಿಗುವುದು ಒಂದೇ ಕಡೆ:
ಹಾಲಿನ ಶೀತಲ ಕೇಂದ್ರ.
ಅಲ್ಲಿ ಕ್ಯಾನು ತೊಳೆಯುವ ಪಿಳ್ಳಾಂಜಿನಪ್ಪ ನನ್ನ ಪಾಲಿಸಿದಾರ,
ಎರಡು ಸಲ ಲ್ಯಾಪ್ಸಾಗಿ ಎರಡು ಸಲ ಬದುಕಿದವನು.
ಒಳಗೆ ಬಿಟ್ಟ.
ಒದ್ದೆ ನೆಲ, ಚೆಲ್ಲಿದ ಹಾಲಿನ ಜಿಡ್ಡು,
ಯಂತ್ರದ ಗುಡುಗುಡಿಗೆ ಸಣ್ಣಗೆ ನಡುಗುವ ಸಿಮೆಂಟು.
ಇದೇ ಹಡಗು ಅಂದುಕೊಂಡು ಕ್ಯಾನುಗಳ ನಡುವೆ
ಹೋದೆ, ಬಂದೆ, ತಿರುಗುವಾಗ ಕೊಂಚ ಜಾರಿ
ಅವನ ರಟ್ಟೆ ಹಿಡಿದೆ.
ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿದವು.

ಪಿಳ್ಳಾಂಜಿನಪ್ಪ ತನ್ನ ಗಮ್‌ಬೂಟು ಕಳಚಿ ತೋರಿಸಿದ:
ಒಂದರ ಮೇಲೊಂದು ಎರಡು ಕಾಲುಚೀಲ, ಹೊರಗಿನದು ಉಣ್ಣೆ,
ತುದಿಯಲ್ಲಿ ಒಂದು ಬೆರಳು ಖಾಲಿ.
'ಬಿಗಿ ಇದ್ರೆ ಚಳಿ ಅಕ್ಕಾ. ಬೆರಳು ಒಳಗೆ ಆಡ್ಬೇಕು.
ಒಂದು ನಂಬರು ದೊಡ್ಡದು ತಗೊಳ್ಳಿ.'
ಇಷ್ಟು ವರ್ಷ ನಾನೂ ಅವನಿಗೆ ಹೇಳಿದ್ದು ಅದೇ,
ಮೊತ್ತ ಸ್ವಲ್ಪ ದೊಡ್ಡದು ತಗೊಳ್ಳಪ್ಪಾ ಎಂದು.
ಅವನು ತಗೊಳ್ಳಲಿಲ್ಲ. ನಾನು ತಗೊಂಡೆ.
'ನಿಮ್ಮ ಕಾಲು ಆರು' ಎಂದು ಜಬೀವುಲ್ಲಾ
ತನಗೇ ಅವಮಾನವಾದಂತೆ ವಾದಿಸಿ, ಬದಲಿಸಿಕೊಟ್ಟ.

ಈಗ ಏಳು ಹಾಕಿಕೊಂಡೇ ಪ್ರೀಮಿಯಂ ವಸೂಲಿ,
ಹೊಸದನ್ನು ಹಳೆಯದು ಮಾಡಲು.
ಸೀರೆಯಂಚಿನಡಿ ಎರಡು ಕುರಿಮರಿ ನುಸುಳಿದ ಹಾಗೆ.
ಮೊದಲ ದಿನ ಹಿಮ್ಮಡಿಗೆ ಬೊಕ್ಕೆ. ನಾಲ್ಕನೇ ದಿನ ಮರೆತೆ.
ನಾಯಿಗಳು ಮಾತ್ರ ಇನ್ನೂ ಒಪ್ಪಿಲ್ಲ.

ಕೆಂಚಾರ್ಲಹಳ್ಳಿಯ ಅಕ್ಕಯಮ್ಮ ಕಂಡವಳೇ
'ಅಯ್ಯೋ, ಕಾಲಿಗೇನಾಯ್ತೇ ತಾಯಿ?'
ಬಾಗಿ, ತುದಿಯನ್ನು ಹೆಬ್ಬೆರಳಿಂದ ಒತ್ತಿದಳು,
ಮಾವು ಮಾಗಿದೆಯೇ ನೋಡುವಂತೆ.
'ಒಳಗೆ ಇನ್ನೂ ಜಾಗ ಐತಲ್ಲೇ!'
ಬೇಕಂತಲೇ ಬಿಟ್ಟಿದ್ದು ಅಂದೆ.
'ಸರಿ, ಬಿಚ್ಚಿ ಒಳಗೆ ಬಾ' ಅಂದು ಟೀ ಕಾಯಿಸಲು ಹೋದಳು.

ಜಗಲಿ ತುದಿಯಲ್ಲಿ ಕೂತೆ. ಎಡದ ಗಂಟು,
ಮೇಲಿನ ಚೀಲ, ಒಳಗಿನ ಚೀಲ.
ಲೋಟ ಬಂತು. ಕೆನೆ ಕಟ್ಟಿತು.
ನಾನಿನ್ನೂ ಬಲಗಾಲಲ್ಲಿದ್ದೆ.